ಇಲಿಗಳು ಬಂದದ್ದು ಆಮೇಲೆ

ಮಗಳ ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ ಇತ್ತು. ಅವಳು ಆರಿಸಿಕೊಂಡದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಒಂದು ವಾರ ನಮ್ಮ ಮನೆಯಲ್ಲಿ ಇಲಿಗಳದ್ದೇ ಕಾರುಬಾರು. ಊಟಕ್ಕೆ ಕೂತರೂ ಇಲಿ, ಜಡೆ ಹಾಕುವಾಗಲೂ ಇಲಿ. ಕೊನೆಗೊಂದು ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು: “ಜೋಗಿ ಹಿಂದೆ ಹೋದ ಮಕ್ಕಳು ವಾಪಸ್ ಬರಲೇ ಇಲ್ವಾ? ಇದು ನಿಜವಾಗಿ ನಡೆದದ್ದಾ?”

“ಸುಮ್ನೆ ಕಥೆ ಕಣೇ, ಮಲಕ್ಕೋ” ಅಂದೆ. ಹಾಗೆ ಹೇಳಬಾರದಿತ್ತು. ಯಾಕೆಂದರೆ ಈ ಕಥೆಯ ಬೇರಿನಲ್ಲಿ ಒಂದು ಊರಿದೆ, ಒಂದು ದಿನಾಂಕವಿದೆ, ಮಕ್ಕಳ ಲೆಕ್ಕವೂ ಇದೆ. ಹಳೆ ಕಥೆಯೊಂದನ್ನು ಹೊಸದಾಗಿ ಹೇಳುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜರ್ಮನಿಯಲ್ಲಿ ವೇಸರ್ ನದಿಯ ದಡದಲ್ಲಿ ಹಾಮೆಲಿನ್ ಅನ್ನುವ ಊರಿದೆ. 1284ರ ಜೂನ್ 26ರಂದು ಅಲ್ಲಿಂದ 130 ಮಕ್ಕಳು ಹೊರಟುಹೋದರು ಅಂತ ಹಳೆಯ ಬರಹಗಳು ಹೇಳುತ್ತವೆ. 15ನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಇರುವುದು ಇಷ್ಟು: ಸುಮಾರು ಮೂವತ್ತು ವರ್ಷದ, ಒಳ್ಳೆಯ ಬಟ್ಟೆ ತೊಟ್ಟ ಒಬ್ಬ ಚೆಲುವ ಸೇತುವೆ ದಾಟಿ ಊರೊಳಗೆ ಬಂದ. ಬೆಳ್ಳಿಯ ಕೊಳಲು ಊದಿದ. ಕೇಳಿದ ಮಕ್ಕಳು ಅವನ ಹಿಂದೆ ನಡೆದರು. ಆಮೇಲೆ ಯಾರಿಗೂ ಕಾಣಲಿಲ್ಲ. ಅಷ್ಟೇ.

ಅದರಲ್ಲಿ ಒಂದೇ ಒಂದು ಇಲಿ ಇಲ್ಲ.

ಇಲಿಗಳು ಈ ಕಥೆಯೊಳಗೆ ನುಗ್ಗಿದ್ದು 16ನೇ ಶತಮಾನದಲ್ಲಿ. ಅಂದರೆ ಮಕ್ಕಳು ಹೋಗಿ ಹತ್ತಿರ ಹತ್ತಿರ ಮುನ್ನೂರು ವರ್ಷ ಆದ ಮೇಲೆ. ಯಾಕೆ ಬೇಕಾದವು ಅಂತ ಯೋಚಿಸಿ ನೋಡಿ. ಒಬ್ಬ ಬಂದ, ಮಕ್ಕಳನ್ನು ಕರೆದುಕೊಂಡು ಹೋದ. ಇದನ್ನು ಕೇಳಿದ ಯಾವ ತಾಯಿಯೂ “ಯಾಕೆ?” ಅಂತ ಕೇಳದೆ ಇರುವುದಿಲ್ಲ. ಕಾರಣವಿಲ್ಲದ ದುಃಖವನ್ನು ಹೊತ್ತು ಬದುಕುವುದು ಬಹಳ ಕಷ್ಟ. ಆ “ಯಾಕೆ” ಅನ್ನುವ ತೂತಿನೊಳಗಿಂದ ಇಲಿಗಳು ಬಂದವು. ಈಗ ಕಥೆಗೆ ಕಾರಣ ಸಿಕ್ಕಿತು: ಊರಿಗೆ ಇಲಿ ಕಾಟ, ಅವನು ಇಲಿ ಓಡಿಸಿದ, ಊರಿನವರು ಕೂಲಿ ಕೊಡದೆ ಮೋಸ ಮಾಡಿದರು, ಅವನು ಸೇಡು ತೀರಿಸಿಕೊಂಡ. ಕಾಣೆಯಾದ ಮಕ್ಕಳ ಸುದ್ದಿ ಮಾತು ತಪ್ಪಿದ ಊರಿನ ಕಥೆಯಾಗಿ ಬದಲಾಯಿತು.

ನಿಜವಾಗಿ ಆ ಮಕ್ಕಳಿಗೆ ಏನಾಯಿತು ಅಂತ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಪೂರ್ವದ ಹೊಸ ನೆಲಗಳಲ್ಲಿ ನೆಲೆಸಲು ಆ ಕಾಲದಲ್ಲಿ ಯುವಕರನ್ನು ಕರೆದೊಯ್ಯುತ್ತಿದ್ದರು, ಇದೂ ಅದೇ ಇರಬೇಕು ಅನ್ನುವುದು ಒಂದು ವಾದ. ರೋಗ ಅನ್ನುವವರೂ ಇದ್ದಾರೆ. ಹಾಮೆಲಿನ್‌ನಲ್ಲಿ ಒಂದು ಬೀದಿ ಇದೆ. ಮಕ್ಕಳು ಕೊನೆಯದಾಗಿ ನಡೆದದ್ದು ಅಲ್ಲೇ ಅನ್ನುತ್ತಾರೆ. ಆ ಬೀದಿಯಲ್ಲಿ ವಾದ್ಯ ನುಡಿಸಬಾರದು ಅನ್ನುವ ವಾಡಿಕೆ ಇದೆ. ಈ ಸಂಗತಿ ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಮುಂದೆ 1816ರಲ್ಲಿ ಗ್ರಿಮ್ ಸಹೋದರರು ಇದನ್ನು ತಮ್ಮ ಜರ್ಮನ್ ಐತಿಹ್ಯಗಳ ಸಂಗ್ರಹಕ್ಕೆ ಸೇರಿಸಿದರು. 1842ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಪದ್ಯ ಮಾಡಿದ. ಅವನ ಗೆಳೆಯನೊಬ್ಬ ನಟ. ಆ ನಟನ ಮಗ ಹುಷಾರಿಲ್ಲದೆ ಮಲಗಿದ್ದ, ಚಿತ್ರ ಬರೆಯುವ ಗೀಳಿನ ಹುಡುಗ. ಅವನು ಚಿತ್ರ ಬಿಡಿಸಲಿ ಅಂತಲೇ ಬ್ರೌನಿಂಗ್ ಬರೆದುಕೊಟ್ಟ ಪದ್ಯ ಅದು. ಹಾಗಾಗಿ ಕಣ್ಣಿಗೆ ಕಟ್ಟುವ ಸಂಗತಿಗಳೇ ಅದರಲ್ಲಿ ಜಾಸ್ತಿ. ಊರಿನ ಶೋಕ ಈಗ ಹಾಸಿಗೆ ಹಿಡಿದ ಮಗುವಿನ ಮುಖದಲ್ಲಿ ನಗು ತರಿಸುವ ಆಟವಾಯಿತು.

ಅಲ್ಲಿಂದ ಅದು ನಮ್ಮ ತುಂಗಾ ನದಿಯ ಬಲದಂಡೆಗೆ ಬಂತು.

ಕುವೆಂಪು ಬದಲಿಸಿದ್ದು ಏನು? ಹೆಸರುಗಳನ್ನು ಬದಲಿಸಿದರು ಅಂದರೆ ಅರ್ಧ ಮಾತು. ವೇಸರ್ ಹೋಗಿ ತುಂಗೆ, ಹಾಮೆಲಿನ್ ಹೋಗಿ ಬೊಮ್ಮನಹಳ್ಳಿ, ಮೇಯರ್ ಹೋಗಿ ಗೌಡ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಜೋಗಿಯ ಕೈಯಲ್ಲಿ ಏನಿದೆ ಅಂತ ನೋಡಿ. ಜರ್ಮನಿಯಿಂದ ಇಂಗ್ಲೆಂಡಿನವರೆಗೂ ಅವನು ಊದುತ್ತಾ ಬಂದದ್ದು ಕೊಳಲನ್ನು. ತುಂಗೆಯ ದಡಕ್ಕೆ ಬಂದಾಗ ಅದು ತಂತಿವಾದ್ಯವಾಗಿದೆ. ಕಿಂದರಿ ಅಂದರೆ ಕಿನ್ನರಿ, ಸೋರೆಬುರುಡೆ ಕಟ್ಟಿದ ವಾದ್ಯ. ಅದನ್ನು ನುಡಿಸುತ್ತಾ ಊರೂರು ತಿರುಗುವ ಜೋಗಿಗಳನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ಮನೆ ಮುಂದೆ ನಿಲ್ಲುವವನು, ಹಾಡುವವನು, ಹಿಡಿ ಅಕ್ಕಿ ಹಾಕಿಸಿಕೊಂಡು ಹೋಗುವವನು. ಎಲ್ಲಿಂದ ಬಂದ, ಎಲ್ಲಿಗೆ ಹೋದ, ಯಾರಿಗೂ ಗೊತ್ತಿಲ್ಲ. ಮಕ್ಕಳಿಗೆ ಅವನನ್ನು ಕಂಡರೆ ಆಸೆಯೂ ಹೌದು, ಹೆದರಿಕೆಯೂ ಹೌದು. “ಹಟ ಮಾಡಿದ್ರೆ ಜೋಗಿಗೆ ಹಿಡ್ಕೊಟ್ಟುಬಿಡ್ತೀನಿ” ಅಂತ ಹೆದರಿಸದ ಅಜ್ಜಿ ಯಾರಿದ್ದಾರೆ? ಕೊಳಲನ್ನು ಹಾಗೇ ಉಳಿಸಿದ್ದರೆ ಇನ್ನೊಂದು ತೊಡಕಿತ್ತು ಅಂತ ನನಗನಿಸುತ್ತದೆ. ನಮ್ಮ ಕಡೆ ಕೊಳಲು ಅಂದ ಕೂಡಲೇ ಕೃಷ್ಣ ಬಂದು ನಿಲ್ಲುತ್ತಾನೆ. ಕೃಷ್ಣನ ಹಿಂದೆ ಮಕ್ಕಳು ಹೋದರೆ ಯಾರು ಅಳುತ್ತಾರೆ?

ಇನ್ನು ಇಲಿಗಳು. ಬ್ರೌನಿಂಗ್ ಪದ್ಯದಲ್ಲೂ ಇಲಿಗಳ ಬಂಧುಬಳಗದ ಪಟ್ಟಿ ಇದೆ. ಅಪ್ಪಂದಿರು, ಅಮ್ಮಂದಿರು, ಮಾವಂದಿರು ಅಂತ ಬಿಡಿಬಿಡಿಯಾಗಿ ಬರುತ್ತದೆ. ಕನ್ನಡದಲ್ಲಿ ಅದು ಏನಾಯಿತು ನೋಡಿ: ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ. ಅಣ್ಣ ಮತ್ತು ಇಲಿ ಸೇರಿ ಅಣ್ಣಿಲಿ. ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಲೋಪಸಂಧಿ ಇದು. ಸಂಬಂಧದ ಹೆಸರಿನ ಕೊನೆಯ ಸ್ವರವನ್ನು ಇಲಿ ಕಚ್ಚಿ ತಿಂದಿದೆ! ಅಣ್ಣನೂ ಇಲಿಯೂ ಒಂದೇ ಉಸಿರಿನಲ್ಲಿ ಬೆರೆತುಹೋಗಿದ್ದಾರೆ. ಬೇಗ ಬೇಗ ಹೇಳಿದರೆ ಇಲಿಗಳ ಓಟವೇ ಕೇಳಿಸುತ್ತದೆ. ಮಗಳು ಬಚ್ಚಲುಮನೆಯಲ್ಲಿ ಕಿರುಚಿ ಹೇಳುತ್ತಿದ್ದದ್ದು ಇದನ್ನೇ. ಇಂಗ್ಲಿಷಿನಿಂದ ತಂದ ಕಥೆ ಕನ್ನಡದ ವ್ಯಾಕರಣದ ಬಲದ ಮೇಲೆ ಕುಣಿಯುತ್ತಿದೆ. ಅನುವಾದಕ್ಕೂ ಮರುಕಥನಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ನನ್ನಿಂದ ಆಗದು. ಅನುವಾದಕ ಮೂಲದಲ್ಲಿ ಇದ್ದದ್ದನ್ನು ಜೋಪಾನವಾಗಿ ಈಚೆ ದಡಕ್ಕೆ ತಲುಪಿಸುತ್ತಾನೆ. ಮರಳಿ ಕಥೆ ಹೇಳುವವನು ಈಚೆ ದಡದಲ್ಲಿ ಏನಿದೆ ಅಂತ ನೋಡಿ, ಅದರಿಂದಲೇ ಕಥೆಯನ್ನು ಮತ್ತೆ ಕಟ್ಟುತ್ತಾನೆ.

ಹಾಗಂತ ಎಲ್ಲವನ್ನೂ ಬದಲಿಸುವಂತಿಲ್ಲ. ಕಾಟ, ಕರಾರು, ಮೋಸ, ಸೇಡು. ಇಲಿಗಳು ಬಂದ ಮೇಲೆ ಈ ನಾಲ್ಕು ಎಲುಬು ಎಲ್ಲ ಕಡೆ ಹಾಗೇ ಇವೆ. ಊರಿನವರು ಮಾತಿಗೆ ತಪ್ಪದೆ ದುಡ್ಡು ಕೊಟ್ಟುಬಿಟ್ಟರೆ ಅದು ಬೇರೆ ಕಥೆ. ಎಲುಬು ಯಾವುದು, ಮಾಂಸ ಯಾವುದು ಅಂತ ಗುರುತಿಸುವುದೇ ಈ ಕೆಲಸದ ಮೊದಲ ಪಾಠ.

ಸಿಂಡರೆಲಾ ಕಥೆಯಲ್ಲಿ ಈ ಗುರುತಿಸುವಿಕೆ ಕಷ್ಟ. ಗಾಜಿನ ಚಪ್ಪಲಿಯೇ ಎಲುಬು ಅಂದುಕೊಳ್ಳುತ್ತೇವೆ. ಆದರೆ ಗಾಜಿನ ಚಪ್ಪಲಿ, ಗಾಡಿಯಾಗುವ ಕುಂಬಳಕಾಯಿ ಎರಡೂ 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದ ಕಥೆಯಿಂದ ಬಂದವು. ಅದಕ್ಕೂ ಎಂಟು ಶತಮಾನ ಮೊದಲೇ ಚೀನಾದಲ್ಲಿ ಈ ಹುಡುಗಿಯ ಕಥೆ ಬರಹಕ್ಕೆ ಇಳಿದಿತ್ತು. ಅಲ್ಲಿ ಚಪ್ಪಲಿ ಚಿನ್ನದ್ದು, ಸಹಾಯ ಮಾಡುವುದು ಒಂದು ಮೀನಿನ ಮೂಳೆಗಳು. 1893ರಲ್ಲಿ ಮರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ವಿದುಷಿ ಈ ಕಥೆಯ ಇಂಥ 345 ರೂಪಗಳನ್ನು ಒಟ್ಟು ಮಾಡಿದರು. ನಮ್ಮಲ್ಲೂ ಒಬ್ಬಳಿದ್ದಾಳೆ. ಎ.ಕೆ. ರಾಮಾನುಜನ್ ದಾಖಲಿಸಿದ ಕನ್ನಡ ಜನಪದ ಕಥೆಯ ಹುಡುಗಿ, ಹೆಸರು ಹಂಚಿ. ಬಂಗಾರದ ಕೂದಲಿನವಳು. ಅಣ್ಣನ ಕೆಟ್ಟ ಆಸೆಯಿಂದ ಪಾರು ಮಾಡಲು ತಾಯಿ ಅವಳ ಮುಖಕ್ಕೆ ಹಂಚಿನ ಮುಖವಾಡ ಹಾಕಿಸಿ ಮನೆ ಬಿಡಿಸುತ್ತಾಳೆ. ಅದಕ್ಕೇ ಹಂಚಿ. ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಒಂದು ದಿನ ಮುಖವಾಡ ತೆಗೆದು ಸ್ನಾನ ಮಾಡುವಾಗ ಆ ಮನೆಯ ಹುಡುಗನ ಕಣ್ಣಿಗೆ ಬೀಳುತ್ತಾಳೆ. ಇಲ್ಲಿ ಚಪ್ಪಲಿಯೂ ಇಲ್ಲ, ಅರಮನೆಯ ಕುಣಿತವೂ ಇಲ್ಲ. ಹಾಗಾದರೆ ಎಲುಬು ಯಾವುದು? ಮುಚ್ಚಿಹೋದ ಮುಖ, ಒಲೆಯ ಮುಂದಿನ ಚಾಕರಿ, ಕೊನೆಗೆ ಯಾರೋ ಒಬ್ಬರು ನಿಜ ರೂಪ ಗುರುತಿಸುವುದು. ಅಲ್ಲಿ ಬೂದಿ ಮೆತ್ತಿದ ಮುಖ, ಇಲ್ಲಿ ಹಂಚಿನ ಕೆಳಗಿನ ಮುಖ. ನನಗಂತೂ ಹಂಚಿಯೇ ಹೆಚ್ಚು ಹತ್ತಿರ. ಮನೆಯೊಳಗಿನ ಅಪಾಯವನ್ನು ಅವಳ ಕಥೆ ಮುಚ್ಚಿಡುವುದಿಲ್ಲ.

ಪುರಾಣಕ್ಕೆ ಬಂದರೆ ಆಟದ ನಿಯಮವೇ ಬೇರೆ. ಅಜ್ಜಿಕಥೆ ಕೇಳುವವರಿಗೆ ಮುಂದೇನಾಗುತ್ತದೆ ಅನ್ನುವ ಕುತೂಹಲ ಇರುತ್ತದೆ. ರಾಮಾಯಣ, ಭಾರತ ಕೇಳಲು ಕೂತವರಿಗೆ ಕೊನೆ ಮೊದಲೇ ಗೊತ್ತು. ರಾವಣ ಸಾಯುತ್ತಾನೆ, ಕರ್ಣನ ರಥ ಹೂತುಹೋಗುತ್ತದೆ. ಆದರೂ ಕೇಳುತ್ತಾರೆ. 15ನೇ ಶತಮಾನದ ಹೊತ್ತಿಗೇ ಗದುಗಿನ ಕುಮಾರವ್ಯಾಸ, ರಾಮಾಯಣದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ, ಇನ್ನು ಅಲ್ಲಿ ಕಾಲಿಡಲು ಜಾಗವಿಲ್ಲ ಅಂದಿದ್ದ. ಹಾಗಂದವನು ಭಾರತವನ್ನು ಹಿಡಿದ, ಅದೂ ಪಂಪ ಹೇಳಿ ಐನೂರು ವರ್ಷ ಕಳೆದ ಮೇಲೆ.

ಗೊತ್ತಿರುವ ಕಥೆಯಲ್ಲಿ ಹೊಸದನ್ನು ಎಲ್ಲಿ ಇಡುವುದು? ಕನ್ನಡ ಕವಿಗಳು ಬೇರೆ ಬೇರೆ ದಾರಿ ಹುಡುಕಿದ್ದಾರೆ. ಪಂಪ 10ನೇ ಶತಮಾನದಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿದ. ದೊರೆಯ ಹೆಂಡತಿಗೆ ಐದು ಜನ ಗಂಡಂದಿರು ಅಂತ ಆಸ್ಥಾನದಲ್ಲಿ ಓದಲಾಗುತ್ತದೆಯೇ? ಹಾಗಾಗಿ ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಇಷ್ಟೆಲ್ಲ ಮಾಡಿದವನು ಕೊನೆಗೆ ಭಾರತದಲ್ಲಿ ಒಬ್ಬರನ್ನು ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ದೊರೆಗೆ ಕೊಟ್ಟ ಮಾತು ಒಂದು ಕಡೆ, ಕವಿಯ ಮನಸ್ಸು ಇನ್ನೊಂದು ಕಡೆ. ಆ ಎಳೆದಾಟವೇ ಆ ಕಾವ್ಯದ ಜೀವ.

ಜೈನ ಕವಿಗಳದ್ದು ಬೇರೆ ದಾರಿ. ನಂಬಲಾಗದ್ದು ಅಂತ ಕಂಡದ್ದಕ್ಕೆಲ್ಲ ಅವರು ಕಾರಣ ಹುಡುಕಿದರು. ಪ್ರಾಕೃತದಲ್ಲಿ ವಿಮಲಸೂರಿ ಬರೆದ ಜೈನ ರಾಮಾಯಣದಲ್ಲಿ ರಾವಣನಿಗೆ ಇರುವುದು ಒಂದೇ ತಲೆ. ಅವನ ಕೊರಳಿನ ಹಾರದ ಮಣಿಗಳಲ್ಲಿ ಮುಖ ಒಂಬತ್ತು ಸಲ ಪ್ರತಿಬಿಂಬಿಸಿ ದಶಮುಖ ಅಂತ ಹೆಸರಾಯಿತು. ವಾನರರು ಮಂಗಗಳಲ್ಲ, ಬಾವುಟದಲ್ಲಿ ಮಂಗನ ಗುರುತಿದ್ದ ಒಂದು ವಂಶ. ಇದೇ ಹಾದಿಯಲ್ಲಿ ಬಂದ ನಮ್ಮ ನಾಗಚಂದ್ರನ ಕಾವ್ಯದಲ್ಲಿ ರಾವಣ ಒಳ್ಳೆಯವನಾಗಿದ್ದೂ ಒಂದು ಮೋಹಕ್ಕೆ ಸಿಕ್ಕಿ ಬಿದ್ದುಹೋಗುವವನು. ಕೊನೆಗೆ ಪಶ್ಚಾತ್ತಾಪವನ್ನೂ ಪಡುತ್ತಾನೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಂಥರೆಯ ಉದಾಹರಣೆ. ವಾಲ್ಮೀಕಿಯಲ್ಲಿ ಅವಳ ಪರಿಚಯ ಒಂದು ಸಾಲಿನಲ್ಲಿ ಮುಗಿಯುತ್ತದೆ: ತವರಿನಿಂದ ಬಂದ ದಾಸಿ, ಎಲ್ಲಿ ಹುಟ್ಟಿದವಳೋ, ಕೈಕೇಯಿಯ ಜೊತೆಗೆ ಇದ್ದವಳು. ಅವಳು ಮಹಡಿ ಹತ್ತುತ್ತಾಳೆ, ಸಿಂಗಾರಗೊಂಡ ಅಯೋಧ್ಯೆ ನೋಡುತ್ತಾಳೆ, ಹೊಟ್ಟೆಕಿಚ್ಚಿಗೆ ಬೀಳುತ್ತಾಳೆ. ಗೂನುಬೆನ್ನಿನ ಕೆಟ್ಟ ಮುದುಕಿ, ಮುಗಿಯಿತು. ಸಾವಿರಾರು ವರ್ಷ ಜನ ಅವಳನ್ನು ಬೈದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯುವಾಗ “ಎಲ್ಲಿ ಹುಟ್ಟಿದವಳೋ” ಅನ್ನುವ ಆ ತೂತಿಗೆ ಕಣ್ಣಿಟ್ಟು ನೋಡಿದರು. ಅಲ್ಲಿ ಯಾರಿಗೂ ಬೇಡವಾದ ಒಂದು ಅನಾಥ ಮಗು ಕಾಣಿಸಿತು. ಜನರೆಲ್ಲ ಅಸಹ್ಯಪಡುವಾಗ ಅವಳಿಗೆ ಪ್ರೀತಿ ಸಿಕ್ಕಿದ್ದು ಕೈಕೇಯಿಯ ಹತ್ತಿರ, ಎತ್ತಿ ಆಡಿಸಲು ಸಿಕ್ಕಿದ್ದು ಭರತ. ಹೀಗಿರುವಾಗ ಭರತನಿಗೆ ರಾಜ್ಯ ಸಿಗಲಿ ಅಂತ ಅವಳು ಬಯಸಿದ್ದು ಹೊಟ್ಟೆಕಿಚ್ಚೋ, ಮಮತೆಯೋ? ಆ ಭಾಗಕ್ಕೆ ಕುವೆಂಪು ಇಟ್ಟ ಹೆಸರು ‘ಮಮತೆಯ ಸುಳಿ ಮಂಥರೆ’. ಆ ಭಾಗದಲ್ಲಿ ಮುಖ್ಯ ಘಟನೆ ಯಾವುದೂ ಬದಲಾಗಲಿಲ್ಲ. ಮಂಥರೆ ಚಾಡಿ ಹೇಳುತ್ತಾಳೆ, ಕೈಕೇಯಿ ವರ ಕೇಳುತ್ತಾಳೆ, ರಾಮ ಕಾಡಿಗೆ ಹೋಗುತ್ತಾನೆ. ಬದಲಾದದ್ದು ಕಾರಣ ಮಾತ್ರ. ಕಾರಣ ಬದಲಾದ ಕೂಡಲೇ ನಾವು ಬೈಯಲು ಎತ್ತಿದ ಬಾಯಿ ಅಲ್ಲೇ ನಿಲ್ಲುತ್ತದೆ.

ಇದೇ ಕಾವ್ಯದ ಅಗ್ನಿಪರೀಕ್ಷೆಯಲ್ಲಿ ಸೀತೆಯ ಜೊತೆ ರಾಮನೂ ಬೆಂಕಿ ಹೊಗುತ್ತಾನೆ. ಅಲ್ಲಿ ಘಟನೆಯನ್ನೇ ಬದಲಿಸಿದ್ದಾರೆ. 20ನೇ ಶತಮಾನದ ಓದುಗನ ಹೊಟ್ಟೆಯಲ್ಲಿ ಕುದಿಯುತ್ತಿದ್ದ ಪ್ರಶ್ನೆಗೆ ಕೊಟ್ಟ ಉತ್ತರ ಅದು.

“ಇದು ಮೂಲದಲ್ಲಿ ಇಲ್ಲ” ಅಂತ ಸಿಟ್ಟಾಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ತಪಸ್ಸು ಮಾಡಿದ್ದಕ್ಕೆ ರಾಮನ ಕೈಯಲ್ಲಿ ಸತ್ತ ಶೂದ್ರ ಶಂಬೂಕನ ಕಥೆಯನ್ನು ಕುವೆಂಪು ‘ಶೂದ್ರ ತಪಸ್ವಿ’ ನಾಟಕ ಮಾಡಿದಾಗ ಮಾಸ್ತಿಯವರೇ ಆಕ್ಷೇಪ ಎತ್ತಿದ್ದರು, ಕುವೆಂಪು ಉತ್ತರ ಕೊಟ್ಟಿದ್ದರು. ದೊಡ್ಡವರಿಬ್ಬರ ಗಂಭೀರ ವಾದ ಅದು. ಆಕ್ಷೇಪವನ್ನು ತಳ್ಳಿಹಾಕಬಾರದು, ಕಥೆಯ ಮೇಲಿನ ಪ್ರೀತಿಯಿಂದಲೇ ಅದು ಬರುತ್ತದೆ. ಆದರೆ ಒಂದು ಸಂಗತಿ ನೆನಪಿಡಬೇಕು. ಲಕ್ಷ್ಮಣರೇಖೆ ಇಲ್ಲದ ರಾಮಾಯಣ ನಮಗೆ ಊಹೆಗೂ ಸಿಗುವುದಿಲ್ಲ, ಅಲ್ವಾ? ವಾಲ್ಮೀಕಿಯಲ್ಲಿ ಲಕ್ಷ್ಮಣ ಗೆರೆ ಎಳೆಯುವುದೇ ಇಲ್ಲ. ಮುಂದೆ ಯಾರೋ ಎಳೆದ ಗೆರೆ ಅದು. ಹಾಮೆಲಿನ್‌ನ ಇಲಿಗಳ ಹಾಗೆ, ಅದೂ ಆಮೇಲೆ ಬಂದು ಮೊದಲಿಂದಲೂ ಇದ್ದಂತೆ ಕೂತಿದೆ.

ಕಾರಣ ಬದಲಿಸುವ ಬದಲು ಹೊಸ ಮನುಷ್ಯರನ್ನು ತರುವುದು ಇನ್ನೊಂದು ದಾರಿ. ಶಾಪದಿಂದ ಮುದುಕನಾದ ಯಯಾತಿಗೆ ಮಗ ಪುರು ತನ್ನ ಯೌವನ ಕೊಟ್ಟ. ತ್ಯಾಗ ಅಂತ ನಾವು ಕೈ ಮುಗಿದೆವು. ಗಿರೀಶ ಕಾರ್ನಾಡರು 1961ರ ‘ಯಯಾತಿ’ ನಾಟಕದಲ್ಲಿ ಪುರುವಿಗೆ ಒಬ್ಬಳು ಹೆಂಡತಿಯನ್ನು ಕೊಟ್ಟರು, ಚಿತ್ರಲೇಖೆ. ಅಷ್ಟೇ ಸಾಕಾಯಿತು. ಮದುವೆಯಾಗಿ ಬಂದ ಹುಡುಗಿ ಮುದುಕನಾದ ಗಂಡನನ್ನು ನೋಡುತ್ತಾಳೆ. ಈ ತ್ಯಾಗಕ್ಕೆ ಬೆಲೆ ತೆರುವವರು ಯಾರು ಅಂತ ಬಾಯಿಬಿಟ್ಟು ಕೇಳುವ ಅಗತ್ಯವೇ ಬೀಳುವುದಿಲ್ಲ.

ಅವರ ‘ಹಯವದನ’ ನಾಟಕದ ದಾರಿ ಕಿಂದರಿಜೋಗಿಯ ದಾರಿಗೆ ಉಲ್ಟಾ. ತಲೆ ಅದಲುಬದಲಾದ ಇಬ್ಬರು ಗಂಡಸರು, ನಡುವೆ ಒಬ್ಬ ಹೆಣ್ಣು. ಇದು ಬೇತಾಳ ಹೇಳುವ ಕಥೆ. ಗಂಡ ಯಾರು ಅಂತ ಬೇತಾಳ ಕೇಳುತ್ತದೆ, ತಲೆ ಯಾರದೋ ಅವನೇ ಅಂತ ರಾಜ ಹೇಳುತ್ತಾನೆ, ಅಲ್ಲಿಗೆ ಮುಗಿಯಿತು. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಅಲ್ಲಿಗೆ ನಿಲ್ಲಿಸಲಿಲ್ಲ. ಉತ್ತರ ಸಿಕ್ಕ ಮಾರನೇ ದಿನ ಆ ಮನೆಯಲ್ಲಿ ಏನಾಗುತ್ತದೆ ಅಂತ ನೋಡಿದ. ಅವನ ಕಥೆ ಕೈಯಲ್ಲಿ ಹಿಡಿದು ಕಾರ್ನಾಡರು ಇನ್ನೂ ಮುಂದೆ ಹೋದರು. ಪೂರ್ತಿ ಮನುಷ್ಯನಾಗಲು ಹೊರಟು ಪೂರ್ತಿ ಕುದುರೆಯಾಗಿಬಿಡುವ ಹಯವದನನನ್ನು ಪಕ್ಕದಲ್ಲಿ ನಿಲ್ಲಿಸಿದರು. ನಮ್ಮ ಕಥೆ ಜರ್ಮನಿಗೆ ಹೋಗಿ ಹೊಸ ಪ್ರಶ್ನೆ ಹೊತ್ತು ಮನೆಗೆ ಬಂತು.

ಇದೆಲ್ಲ ಬರೆಯುವವರ ಮಾತಾಯಿತು. ಕರಾವಳಿಯಲ್ಲಿ ಈ ಕೆಲಸ ಬರಹವೇ ಇಲ್ಲದೆ ನಡೆಯುತ್ತದೆ. ಯಕ್ಷಗಾನದ ಕೂತು ಆಡುವ ರೂಪವಾದ ತಾಳಮದ್ದಳೆಗೆ ಹೋಗಿ ಕೂತು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ, ಪಾತ್ರಗಳ ಮಾತಾಡುವ ನಾಲ್ಕೈದು ಅರ್ಥಧಾರಿಗಳು, ಭಾಗವತರು, ಮದ್ದಳೆ, ಚೆಂಡೆ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದದ್ದೇ. ಅದರ ಮೇಲೆ ಆಡುವ ಅರ್ಥ ಮಾತ್ರ ಆ ಹೊತ್ತಿನಲ್ಲಿ ಹುಟ್ಟಿದ್ದು. ವಾಲಿಯ ಪ್ರಸಂಗ ಅಂದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ವಾಲ್ಮೀಕಿಯ ರಾಮ ಕೊಟ್ಟ ಉತ್ತರಗಳು ಇವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ ಅನ್ನುತ್ತಾನೆ. ನೀನು ಮೃಗ, ಬೇಟೆಗೆ ಮರೆ ತಪ್ಪಲ್ಲ ಅಂತಲೂ ಅನ್ನುತ್ತಾನೆ. ಎದುರು ಕೂತ ವಾಲಿಯ ಅರ್ಥಧಾರಿ ಗಟ್ಟಿಗನಾಗಿದ್ದರೆ ಅಷ್ಟಕ್ಕೆ ಬಿಡುವುದಿಲ್ಲ. ನಾನು ಮೃಗ ಆದರೆ ನನಗೆ ಮನುಷ್ಯರ ಮದುವೆಯ ಕಟ್ಟಳೆ ಯಾಕೆ? ಮನುಷ್ಯರ ಕಟ್ಟಳೆ ನನಗೂ ಉಂಟು ಅಂದರೆ ಮರೆಯಲ್ಲಿ ನಿಂತು ಹೊಡೆದದ್ದು ಹೇಗೆ ಸರಿ? ಸಭೆ ಉಸಿರು ಬಿಗಿಹಿಡಿಯುತ್ತದೆ. ರಾಮನ ಅರ್ಥಧಾರಿ ಶಾಲು ಸರಿಮಾಡಿಕೊಳ್ಳುತ್ತಾನೆ. ಕೊನೆಗೆ ವಾಲಿ ಸಾಯಲೇಬೇಕು, ಪ್ರಸಂಗದ ಚೌಕಟ್ಟು ಅದು. ಆದರೆ ಸೋತು ಸಾಯುತ್ತಾನೋ, ಒಪ್ಪಿ ಸಾಯುತ್ತಾನೋ, ಒಪ್ಪದೆಯೂ ಕೈ ಮುಗಿದು ಸಾಯುತ್ತಾನೋ, ಅದು ಆ ರಾತ್ರಿಯ ಮಾತು. ಮುಂದಿನ ವಾರ ಇನ್ನೊಂದು ಊರಿನಲ್ಲಿ ಅದೇ ಪದ್ಯಕ್ಕೆ ಬೇರೆ ರಾಮ, ಬೇರೆ ವಾಲಿ.

ಹಾಗಾದರೆ ಯಾವ ಮರುಕಥನ ಸೋಲುತ್ತದೆ? ಕೆಟ್ಟವನನ್ನು ಒಳ್ಳೆಯವನಾಗಿ, ಒಳ್ಳೆಯವನನ್ನು ಕೆಟ್ಟವನಾಗಿ ಸುಮ್ನೆ ತಿರುಗಿಸಿಟ್ಟರೆ ಹೊಸ ಕಥೆ ಆಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಈಗ ಇಂಥವು ಜಾಸ್ತಿ ಬರುತ್ತಿವೆ. ಹತ್ತು ಪುಟ ಓದುವಷ್ಟರಲ್ಲಿ ಮುಂದಿನದೆಲ್ಲ ಗೊತ್ತಾಗುತ್ತದೆ. ಕುವೆಂಪು ಮಂಥರೆಯನ್ನು ಎತ್ತಿದರು, ಅದಕ್ಕಾಗಿ ಕೈಕೇಯಿಯನ್ನೋ ರಾಮನನ್ನೋ ಕೆಳಗೆ ಹಾಕಲಿಲ್ಲ. ಹಳೆ ಕಥೆಯಲ್ಲಿ ನಿಜವಾಗಿ ಇರುವ ತೂತು ಯಾವುದು ಅಂತ ಬೆರಳಿಟ್ಟು ಹುಡುಕಬೇಕು. ಇಲ್ಲದ ಕಡೆ ನಾವೇ ತೂತು ಕೊರೆದರೆ ಕಥೆ ಸೋರುತ್ತದೆ. ಅದಕ್ಕೆ ಮೂಲವನ್ನು ಚೆನ್ನಾಗಿ ಓದಿರಬೇಕು, ಪ್ರೀತಿಯಿಂದ ಓದಿರಬೇಕು. ಬೇರೆ ಅಡ್ಡದಾರಿ ಇಲ್ಲ.

ಸ್ಪರ್ಧೆ ಮುಗಿದ ಮೇಲೂ ಕಿಂದರಿಜೋಗಿ ನಮ್ಮ ಮನೆ ಬಿಟ್ಟು ಹೋಗಿಲ್ಲ. ಆ ಕಥೆಯಲ್ಲಿ ಒಬ್ಬ ಹುಡುಗ ಉಳಿದುಕೊಳ್ಳುತ್ತಾನೆ. ಕಾಲು ಸರಿ ಇಲ್ಲದವನು, ಜೋರಾಗಿ ನಡೆಯಲಾಗದೆ ಹಿಂದೆ ಬಿದ್ದವನು. ಅವನು ಬರುವಷ್ಟರಲ್ಲಿ ಬೆಟ್ಟದ ಬಾಗಿಲು ಮುಚ್ಚಿರುತ್ತದೆ. “ಅವನಿಗೆ ಆಮೇಲೆ ಏನಾಯ್ತು?” ಅಂತ ಮಗಳು ಎರಡು ದಿನ ಕೇಳಿದಳು. ಪದ್ಯ ಅಲ್ಲಿಗೆ ಮುಗಿಯುತ್ತದೆ ಅಂದೆ. ಮೂರನೇ ದಿನ ಕೇಳಲಿಲ್ಲ, ಹೇಳಿದಳು. ಊರಲ್ಲಿ ಆಡಲು ಯಾರೂ ಇಲ್ಲವಲ್ಲ, ಅದಕ್ಕೆ ಅವನು ತುಂಗೆಯ ದಡದಲ್ಲಿ ಒಬ್ಬನೇ ಕೂತಿದ್ದನಂತೆ. ನೀರಿನಲ್ಲಿ ಒಂದು ಒಣಗಿದ ಸೋರೆಬುರುಡೆ ತೇಲಿ ಬಂತಂತೆ. ಒಳಗೆ ಏನೋ ಸರಸರ ಅಂತಿತ್ತಂತೆ. ಬಗ್ಗಿ ನೋಡಿದರೆ ಒಂದು ಮರಿ ಇಲಿ, ಅದೂ ಒಂದೇ ಉಳಿದದ್ದು.